ಮೂರು ಸಲ ಹಿಂದಕ್ಕೆ

ತಣಿಸಂದ್ರದ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಆರು ವರ್ಷ ಕಾವಲಿದ್ದ ಶಿವಶರಣಪ್ಪನವರ ಬಗ್ಗೆ ಬರೆಯಲು ಕೂತಿದ್ದೇನೆ. ಬರೆಯುವ ಯೋಗ್ಯತೆ ನಿನಗಿದೆಯೇ ಎಂದು ಯಾರಾದರೂ ಕೇಳಿದರೆ, ಇಲ್ಲ. ಅವರ ಕೆಲಸ ಹೋದದ್ದು ನನ್ನಿಂದ. ಆದರೆ ಅವರು ಪದೇಪದೇ ಗೇಟು ಬಿಟ್ಟು ಹೋಗುತ್ತಿದ್ದರು ಎಂಬ ಸುಳ್ಳು ಈಗಾಗಲೇ ಒಂದು ಕಡೆ ದಾಖಲಾಗಿದೆ, ಬಣ್ಣದ ಗ್ರಾಫು ಸಮೇತ. ನಿಜವೂ ಒಂದು ಕಡೆ ಇರಲಿ.

ಅವರ ಊರು ಕಲಬುರಗಿಯಾಚೆ, ಜೇವರ್ಗಿ ಕಡೆಯ ಒಂದು ಹಳ್ಳಿ. ಮೊದಲು ಬೇಳೆ ಮಿಲ್ಲೊಂದರಲ್ಲಿ ಕಾವಲುಗಾರರಾಗಿದ್ದರು. ಮಿಲ್ಲು ಮುಚ್ಚಿದಾಗ ಹೆಂಡತಿ ರತ್ನಕ್ಕನವರನ್ನು ಕರೆದುಕೊಂಡು ಬೆಂಗಳೂರಿಗೆ ಬಂದರು. ರತ್ನಕ್ಕ ಯಲಹಂಕದ ಒಂದು ಕಾಲೇಜು ಹಾಸ್ಟೆಲಿನಲ್ಲಿ ರೊಟ್ಟಿ ತಟ್ಟುತ್ತಾರೆ. ಶಿವಶರಣಪ್ಪನವರಿಗೆ ಐವತ್ತೈದರ ಆಸುಪಾಸು, ಎತ್ತರದ ಆಳು, ಹಣೆಯ ಮೇಲೆ ಮೂರು ಗೆರೆ ವಿಭೂತಿ. ಕೆಲಸಕ್ಕೆ ಇಟ್ಟುಕೊಂಡ ಸೆಕ್ಯೂರಿಟಿ ಏಜೆನ್ಸಿಯವರು ಕೊಟ್ಟ ಟೋಪಿ ವಿಭೂತಿಯನ್ನು ಅಳಿಸುತ್ತದೆಂದು ಅದನ್ನು ಹಿಂದಕ್ಕೆ ಸರಿಸಿ ಹಾಕಿಕೊಳ್ಳುತ್ತಿದ್ದರು. ಸೂಪರ್‌ವೈಸರ್ ಬಂದಾಗಲೆಲ್ಲ ಅದಕ್ಕೊಂದು ಬೈಗುಳ ತಿನ್ನುತ್ತಿದ್ದರು.

ಅವರಿಗಿದ್ದ ಹೆಮ್ಮೆ ಒಂದೇ: ಗೇಟು ಬಿಡುವುದಿಲ್ಲ. ಮಧ್ಯಾಹ್ನದ ಬುತ್ತಿಯನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟುಕೊಂಡು ನಿಂತೇ ಉಣ್ಣುತ್ತಿದ್ದರು. ಬಚ್ಚಲಿಗೆ ಹೋಗಬೇಕಾದರೆ ತೋಟದ ಮಾಲಿಯನ್ನು ಕರೆದು ನಿಲ್ಲಿಸಿ, ಅವರ ಕೈಗೆ ಸೀಟಿ ಕೊಟ್ಟು ಹೋಗುತ್ತಿದ್ದರು. ಒಮ್ಮೆ ಮೂರನೇ ಮಹಡಿಯ ಮದುವೆ ಮನೆಯವರು ಬೇಸ್‌ಮೆಂಟಿನಲ್ಲಿ ಎಲೆ ಹಾಕಿ ಊಟಕ್ಕೆ ಕರೆದರೆ ಇವರು ಬರಲಿಲ್ಲವಂತೆ. ಬಾಗಿಲು ಕಾಯುವವನು ಊಟಕ್ಕೆ ಒಳಗೆ ಹೋದರೆ ಬಾಗಿಲು ಯಾಕೆ ಬೇಕು ಎಂದರಂತೆ. ಕೊನೆಗೆ ಎಲೆಯೇ ಗೇಟಿಗೆ ಬಂತು.

ಇನ್ನು ನನ್ನ ವಿಷಯ. ಹೆಸರು ಧನುಶ್ರೀ, ಮನೆ ಬ್ಯಾಟರಾಯನಪುರ. ಕೆಲಸ ಹುಡುಕಿಕೊಂಡು ನಾನು ಬೆಂಗಳೂರಿಗೆ ಬಂದವಳಲ್ಲ. ಬೆಂಗಳೂರೇ ನಮ್ಮಜ್ಜಿಯ ದ್ರಾಕ್ಷಿ ತೋಟ ಹುಡುಕಿಕೊಂಡು ಬಂತು. ಹೆಬ್ಬಾಳದ ಹತ್ತಿರ ಹನ್ನೊಂದು ಜನರ ಒಂದು ಪುಟ್ಟ ಕಂಪನಿಯಲ್ಲಿ ಆ್ಯಪ್ ಮಾಡುತ್ತೇನೆ. ಅಪಾರ್ಟ್‌ಮೆಂಟಿನ ಗೇಟಿಗೆ ಬಂದವರ ಹೆಸರು, ಫೋಟೊ ಹಿಡಿದು, ಮನೆಯವರನ್ನು ಕೇಳಿ ಒಳಗೆ ಬಿಡುವ ಆ್ಯಪ್. ಅದರಲ್ಲಿ ನನ್ನ ಪಾಲಿನ ಕೆಲಸವೆಂದರೆ ಯಾವ ಪುಟದಿಂದ ಯಾವ ಪುಟಕ್ಕೆ ಹೋಗಬೇಕು, ಹೋದವರು ಹೇಗೆ ವಾಪಸ್ ಬರಬೇಕು ಎಂದು ದಾರಿ ಹಾಕುವುದು. ಮುಂದಕ್ಕೆ ಹೋಗುವ ದಾರಿಯನ್ನು ಯಾರು ಬೇಕಾದರೂ ಹಾಕುತ್ತಾರೆ. ವಾಪಸ್ ಬರುವ ದಾರಿಯಲ್ಲೇ ಎಲ್ಲರ ಬಣ್ಣ ಬಯಲಾಗುವುದು. ನನ್ನದೂ ಆಯಿತು.

ಎರಡು ವರ್ಷದ ಹಿಂದೆ ಆ ಆ್ಯಪನ್ನು ಮೊದಲು ಪರೀಕ್ಷೆಗಿಟ್ಟದ್ದು ಶಿವಶರಣಪ್ಪನವರ ಗೇಟಿನಲ್ಲಿ. ಮೂರು ವಾರ ನಾನು ಅವರ ಪಕ್ಕದಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದೆ. ಅದುವರೆಗೆ ಅವರು ದಪ್ಪ ರಿಜಿಸ್ಟರಿನಲ್ಲಿ ಬಂದವರ ಹೆಸರನ್ನು ದುಂಡಗಿನ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದರು. ನಮ್ಮ ಆ್ಯಪಿನಲ್ಲಿ ಕನ್ನಡ ಇರಲಿಲ್ಲ. ನಮ್ಮ ಮ್ಯಾನೇಜರ್ ವಿಜಯ್ ಕುಮಾರ್ ಕನ್ನಡವನ್ನು ಆಮೇಲೆ ಹಾಕೋಣ ಎಂದಿದ್ದರು. ಆ ಆಮೇಲೆ ಇನ್ನೂ ಬಂದಿಲ್ಲ. ಹಾಗಾಗಿ ಶಿವಶರಣಪ್ಪನವರು ಆ್ಯಪನ್ನು ಓದಿ ಕಲಿಯಲಿಲ್ಲ, ಬೆರಳಿನಿಂದ ಕಲಿತರು. ಹಸಿರು ಗುಂಡಿ ಒತ್ತು, ಫೋಟೊ ಹಿಡಿ, ಮನೆ ನಂಬರ್ ಆರಿಸು, ಉತ್ತರಕ್ಕೆ ಕಾಯಿ. ಒಟ್ಟು ನಾಲ್ಕು ಪುಟ.

ಉತ್ತರ ಬಂದ ಮೇಲೆ ಮತ್ತೆ ಮೊದಲ ಪುಟಕ್ಕೆ ಬರಬೇಕಲ್ಲ? ಅಲ್ಲಿ ನಾನು ಸೋಮಾರಿತನ ಮಾಡಿದ್ದೆ. ಈ ಪುಟಗಳು ಊಟದ ತಟ್ಟೆಗಳಿದ್ದ ಹಾಗೆ, ಒಂದರ ಮೇಲೊಂದು ಕೂರುತ್ತಾ ಹೋಗುತ್ತವೆ. ಕೆಲಸ ಮುಗಿದ ಮೇಲೆ ಮೇಲಿನ ಮೂರನ್ನೂ ತಾನೇ ತೆಗೆದುಹಾಕುವಂತೆ ಬರೆಯಬೇಕಿತ್ತು. ನಾನು ಬರೆದಿರಲಿಲ್ಲ. ಹಾಗಾಗಿ ಫೋನಿನ ಕೆಳಗಿರುವ ಹಿಂದಕ್ಕೆ ಹೋಗುವ ಬಾಣವನ್ನು ಮೂರು ಸಲ ಒತ್ತಿ ಒಂದೊಂದೇ ತಟ್ಟೆ ತೆಗೆಯಬೇಕಿತ್ತು. ಶಿವಶರಣಪ್ಪನವರು ವಾಪಸ್ ಹೇಗೆ ಬರುವುದು ಎಂದು ಕೇಳಿದಾಗ ನಾನು ದೊಡ್ಡ ಗುರುವಿನಂತೆ ಹೇಳಿದೆ:

"ಮೂರು ಸಲ ಹಿಂದಕ್ಕೆ ಒತ್ತಿ, ಅಣ್ಣಾ. ನೋಡೋದೇ ಬೇಡ, ಕಣ್ಣು ಮುಚ್ಕೊಂಡು ಮೂರು ಸಲ."

ಅವರು ಹಣೆ ಮುಟ್ಟಿಕೊಂಡು ನಕ್ಕರು. "ವಿಭೂತಿ ಲೆಕ್ಕ ಅನ್ರಿ. ಮರೆಯಂಗಿಲ್ಲ."

ಆ ದಿನದಿಂದ ಪ್ರತಿಯೊಬ್ಬರು ಒಳಗೆ ಹೋದ ಮೇಲೂ ಬಾಯಲ್ಲೇ ಎಣಿಸುತ್ತಾ ಒತ್ತುತ್ತಿದ್ದರು: ಒಂದು, ಎರಡು, ಮೂರು, ಬಂದ್ವಿ ಮನಿಗೆ. ಮೂರು ವಾರ ಮುಗಿದು ನಾನು ಹೊರಟಾಗ ರತ್ನಕ್ಕನ ಕೈಯ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಪುಡಿ ಕಟ್ಟಿಕೊಟ್ಟರು. ಮಳೆ ಬಂದರೆ ಫೋನು ನೆನೆಯಬಾರದೆಂದು ಹಾಲಿನ ಪ್ಯಾಕೆಟ್ಟಿನ ಕವರಿಗೆ ಅದನ್ನು ಹಾಕಿ, ಕವರಿನ ಮೇಲಿಂದಲೇ ಒತ್ತುವುದನ್ನೂ ಅವರೇ ಕಂಡುಹಿಡಿದಿದ್ದರು.

ವರ್ಷ ಕಳೆದ ಮೇಲೆ ಬೇರೆ ಬೇರೆ ಗೇಟುಗಳಿಂದ ದೂರು ಬರತೊಡಗಿತು. ವಾಪಸ್ ಬರುವ ಅವಸರದಲ್ಲಿ ಗಾರ್ಡುಗಳು ನಡುವಿನ ಪುಟದಲ್ಲೇ ನಿಂತುಬಿಡುತ್ತಾರೆ, ಹಳೆಯ ಫೋಟೊಗೆ ಹೊಸ ಹೆಸರು ಸೇರಿಕೊಳ್ಳುತ್ತದೆ ಎಂದು. ಸರಿ, ನಾನು ಆ ದಾರಿಯನ್ನು ಹೊಸದಾಗಿ ಹಾಕಿದೆ. ಈಗ ಮನೆಯವರ ಉತ್ತರ ಬಂದ ಕೂಡಲೇ ನಡುವಿನ ತಟ್ಟೆಗಳೆಲ್ಲ ತಾವೇ ಹೋಗಿ ಮೊದಲ ಪುಟ ತಾನಾಗಿ ಬರುತ್ತಿತ್ತು. ಅದೇ ಸಲ ವಿಜಯ್ ಕುಮಾರ್ ಇನ್ನೊಂದು ಕೇಳಿದರು. ಗಾರ್ಡಿನ ಪಾಳಿ ಮುಗಿದಾಗ ಸುಲಭವಾಗಿ ಹೊರಗೆ ಬರಲು ದಾರಿ ಬೇಕು, ಅವರು ಗೇಟಿನಲ್ಲಿ ಇದ್ದಾರೋ ಇಲ್ಲವೋ ಎಂಬುದೂ ದಾಖಲಾಗಬೇಕು. ಅದನ್ನೂ ಮಾಡಿದೆ. ಮೊದಲ ಪುಟದಲ್ಲಿ ಹಿಂದಕ್ಕೆ ಒತ್ತಿದರೆ, ಹೊರಡಬೇಕಾದರೆ ಇನ್ನೊಮ್ಮೆ ಒತ್ತಿ ಎಂದು ಕೆಳಗೆ ಎರಡು ಸೆಕೆಂಡು ಒಂದು ಸಾಲು ಬರುತ್ತದೆ, ಇಂಗ್ಲಿಷಿನಲ್ಲಿ. ಇನ್ನೊಮ್ಮೆ ಒತ್ತಿದರೆ ಆ್ಯಪ್ ಮುಚ್ಚಿ, ಗಾರ್ಡ್ ಗೇಟು ಬಿಟ್ಟರು ಎಂದು ಬರೆದುಕೊಳ್ಳುತ್ತದೆ. ಮತ್ತೆ ತೆರೆದಾಗ, ಬಂದರು ಎಂದು.

ಮೂರು ಸಲ ಒತ್ತುವವರಿಗೆ ಏನಾಗುತ್ತದೆಂದು ನಿಮಗೆ ಆಗಲೇ ಹೊಳೆದಿರಬೇಕು. ನನಗೂ ಹೊಳೆದಿತ್ತು. ಹೊಳೆದಿರಲಿಲ್ಲ ಎಂದು ಬರೆದುಬಿಟ್ಟರೆ ಎಷ್ಟು ಸುಲಭವಿತ್ತು! ಹೊಸದನ್ನು ಬಿಡುಗಡೆ ಮಾಡುವ ಗುರುವಾರ ಸಂಜೆ ಒಂದು ಕ್ಷಣ ನನ್ನ ಕಿವಿಯಲ್ಲಿ ಆ ಎಣಿಕೆ ಕೇಳಿತು. ಶಿವಶರಣಪ್ಪನವರಿಗೆ ಒಂದು ಮಾತು ಹೇಳಬೇಕು, ಶನಿವಾರ ಹೋಗೋಣ ಎಂದುಕೊಂಡೆ. ನಮ್ಮ ಮನೆಯಿಂದ ಆ ಗೇಟಿಗೆ ಸ್ಕೂಟರಿನಲ್ಲಿ ಹದಿನೈದು ನಿಮಿಷ. ಶನಿವಾರ ಸೋದರತ್ತೆಯ ಮನೆಯಲ್ಲಿ ನಾಮಕರಣವಿತ್ತು. ಮುಂದಿನ ಶನಿವಾರ ಏನಿತ್ತೋ ನೆನಪೇ ಇಲ್ಲ. ಆಮೇಲೆ ಆ ಯೋಚನೆಯೇ ತಲೆಯಿಂದ ಹೋಯಿತು. ಆ ಹೊಸ ದಾರಿಗಾಗಿ ಆಫೀಸಿನಲ್ಲಿ ನನಗೆ ಚಪ್ಪಾಳೆ ತಟ್ಟಿ ಕೇಕು ಕತ್ತರಿಸಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ಮುಂದಿನ ಕಥೆ ತಿಳಿದದ್ದು ಎರಡು ತಿಂಗಳ ಮೇಲೆ, ಸೋಮವಾರದ ಮೀಟಿಂಗಿನಲ್ಲಿ. ವಿಜಯ್ ಕುಮಾರ್ ಖುಷಿಯಾಗಿದ್ದರು. ತಣಿಸಂದ್ರದ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಆ್ಯಪ್ ಒಬ್ಬ ಕಳ್ಳಾಟದ ಗಾರ್ಡನ್ನು ಹಿಡಿದಿದೆಯಂತೆ. ದಿನಕ್ಕೆ ಸರಾಸರಿ ಐವತ್ತೆರಡು ಸಲ ಗೇಟು ಬಿಟ್ಟು ಹೋಗುತ್ತಿದ್ದನಂತೆ, ಕೆಲವು ಸಲ ಮುಕ್ಕಾಲು ಗಂಟೆ. ಅಲ್ಲಿನ ನಿವಾಸಿಗಳ ಅಸೋಸಿಯೇಷನ್ನಿನವರು ಏಜೆನ್ಸಿಗೆ ಹೇಳಿ ತೆಗೆಸಿದರಂತೆ. ಇದನ್ನು ನಮ್ಮ ಜಾಹೀರಾತಿನಲ್ಲಿ ಹಾಕೋಣ ಎಂದು ಗೋಡೆಯ ಮೇಲೆ ಗ್ರಾಫು ತೋರಿಸಿದರು. ಗ್ರಾಫಿನ ಮೇಲೆ ಗೇಟಿನ ಹೆಸರಿತ್ತು, ಕೆಳಗೆ ಶಿವಶರಣಪ್ಪನವರ ಫೋಟೊ ಇತ್ತು, ಟೋಪಿ ಹಿಂದಕ್ಕೆ ಸರಿದಿತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಅದನ್ನೂ ಮಾಡಲಿಲ್ಲ, ಸುಮ್ಮನೆ ನೀರು ಕುಡಿದೆ. ಮೀಟಿಂಗ್ ಮುಗಿದ ಮೇಲೆ ನನ್ನ ಸೀಟಿಗೆ ಬಂದು ಆ ಗೇಟಿನ ಫೋನು ಕಳಿಸಿದ ದಾಖಲೆಗಳನ್ನು ತೆಗೆದು ನೋಡಿದೆ. ಪ್ರತಿಯೊಬ್ಬ ಅತಿಥಿಯ ನಂತರವೂ ಹಿಂದಕ್ಕೆ, ಹಿಂದಕ್ಕೆ. ಮೂರನೆಯದು ದಾಖಲಾಗಿರಲಿಲ್ಲ, ಅಷ್ಟರಲ್ಲಿ ಆ್ಯಪ್ ಮುಚ್ಚಿರುತ್ತಿತ್ತು. ಮುಂದಿನ ಅತಿಥಿ ಬಂದಾಗಲೇ ಅವರು ಅದನ್ನು ಮತ್ತೆ ತೆರೆಯುತ್ತಿದ್ದರು, ಹೊಸದರ ರೀತಿಯೇ ಹಾಗೆ ಎಂದುಕೊಂಡಿರಬೇಕು. ಅಷ್ಟು ಹೊತ್ತೂ ಗೇಟಿನಲ್ಲಿ ಯಾರೂ ಇಲ್ಲ ಎಂದು ನಮ್ಮ ಕಂಪ್ಯೂಟರ್ ಬರೆದುಕೊಂಡಿತ್ತು. ರಾತ್ರಿ ಪಾಳಿಯವರು ಎಣಿಸದೆ ಪರದೆ ನೋಡಿ ಒತ್ತುವವರು, ಅವರ ಲೆಕ್ಕದಲ್ಲಿ ಇಂಥದ್ದು ಇರಲಿಲ್ಲ. ಒಬ್ಬ ಮನುಷ್ಯ ದಿನಕ್ಕೆ ಐವತ್ತೆರಡು ಸಲ ಎಲ್ಲಿಗೆ ಹೋಗಿ ಬರಲು ಸಾಧ್ಯ ಎಂದು ಆ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೂ ಕೇಳಲಿಲ್ಲ. ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರೇ ಎಲ್ಲ.

ಅವರನ್ನು ಬೈಯಲು ನಾನು ಯಾರು? ಕೋತಿ ತಾನು ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿದಂತೆ ನಾನೇ ಒರೆಸಿದ್ದೆ. ವಿಜಯ್ ಕುಮಾರ್ ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ಬಾಗಿಲು ಮುಚ್ಚಿ ಬಂದು ಕೂತರು.

"ನೋಡು ಧನು, ಈಗ ಇದನ್ನ ಎತ್ತಿದ್ರೆ ಎಲ್ಲಾ ಗೇಟ್‌ನೋರೂ ನಮ್ ರಿಪೋರ್ಟೇ ಸುಳ್ಳು ಅಂತಾರೆ. ಸೈಲೆಂಟಾಗಿ ಫಿಕ್ಸ್ ಮಾಡ್ಬಿಡು. ಅವ್ರಿಗೇನು, ಬೇರೆ ಕಡೆ ಕೆಲ್ಸ ಸಿಗುತ್ತೆ ಬಿಡು."

ಜಾಹೀರಾತಿನಲ್ಲಿ ಹಾಕುವುದನ್ನು ಕೈಬಿಟ್ಟರು, ಅಷ್ಟು ದೊಡ್ಡತನ ತೋರಿಸಿದರು. ನಾನು ಇಪ್ಪತ್ತು ನಿಮಿಷದಲ್ಲಿ ತಪ್ಪನ್ನು ಸರಿ ಮಾಡಿದೆ. ಈಗ ಹೊರಡಬೇಕಾದರೆ ಬೇರೆಯದೇ ಒಂದು ಕೆಂಪು ಗುಂಡಿಯಿದೆ, ಹಿಂದಕ್ಕೆ ಎಷ್ಟು ಸಲ ಒತ್ತಿದರೂ ಏನೂ ಆಗುವುದಿಲ್ಲ. ಆಮೇಲೆ ಐದು ವಾರ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಆ ಐದು ವಾರಕ್ಕೆ ನನ್ನ ಹತ್ತಿರ ಯಾವ ಸಬೂಬೂ ಇಲ್ಲ. ಹೆದರಿದ್ದೆ, ಅಷ್ಟೇ. ಬೇರೆ ಯಾವುದಾದರೂ ಗೇಟಿನ ಮುಂದೆ ಗಾಡಿ ನಿಲ್ಲಿಸಿ ಹೆಸರು ಹೇಳುವಾಗಲೂ ಕಾವಲುಗಾರರ ಮುಖ ನೋಡಲು ಆಗುತ್ತಿರಲಿಲ್ಲ.

ನಾನು ತಟ್ಟೆಯಲ್ಲಿ ಅನ್ನ ಬಿಡುತ್ತಿದ್ದುದನ್ನು ನೋಡಿ ನಮ್ಮಜ್ಜಿ ದೊಡ್ಡಮುನಿಯಮ್ಮ ಒಂದು ದಿನ ಹಿಡಿದು ಕೇಳಿದರು. ಆ್ಯಪ್, ಪುಟ, ತಟ್ಟೆ ಎಲ್ಲ ವಿವರಿಸಿದೆ. ಅವರಿಗೆ ಬೇಕಾದಷ್ಟು ಅರ್ಥವಾಯಿತು.

"ತಪ್ಪು ಮಾಡಿದ್ ಮ್ಯಾಲೆ ಓಗಿ ಏಳ್ಬೇಕು ಕಣೇ. ಇಲ್ ಕುಂತ್ಕಂಡು ನೀನು ಅನ್ನ ಬಿಟ್ರೆ ಆವಪ್ಪನ ಒಟ್ಟೆ ತುಂಬ್ತದಾ?"

ಆ ಶನಿವಾರ ಹೋದೆ. ಹದಿನೈದೇ ನಿಮಿಷ ಹಿಡಿಯಿತು. ಗೇಟಿನಲ್ಲಿ ಅನ್ವರ್ ಎಂಬ ನಡುವಯಸ್ಸಿನ ಹೊಸ ಗಾರ್ಡ್ ಇದ್ದರು. ಹಳಬರ ಬಗ್ಗೆ ಅವರಿಗೆ ಗೊತ್ತಿದ್ದದ್ದು ಇಷ್ಟೇ: ಅವರು ಗೇಟ್ ಬಿಟ್ಟು ಹೋಗ್ತಿದ್ದರಂತೆ. ಮಾಲಿ ಫೋನ್ ನಂಬರ್ ಕೊಟ್ಟರು. ಶಿವಶರಣಪ್ಪನವರು ಹುಣಸಮಾರನಹಳ್ಳಿಯ ಹತ್ತಿರ ಗ್ರಾನೈಟ್ ಕಲ್ಲಿನ ಅಂಗಳವೊಂದನ್ನು ಕಾಯುತ್ತಿದ್ದರು. ಅಲ್ಲೇ ತಗಡಿನ ಕೋಣೆ, ಅದರಲ್ಲೇ ವಾಸ.

ಮರುದಿನ ಬೆಳಿಗ್ಗೆ ಅಲ್ಲಿಗೆ ಹೋದಾಗ ನನ್ನನ್ನು ಕಂಡು ಅವರು ಎದ್ದು ಬಂದ ರೀತಿ ನೋಡಿ ನನಗೆ ಅಲ್ಲಿಂದ ಓಡಿಹೋಗಬೇಕೆನ್ನಿಸಿತು. ಮಗಳು ಬಂದ ಹಾಗೆ ಸಂಭ್ರಮಪಟ್ಟರು. ಭಾನುವಾರವಾದ್ದರಿಂದ ರತ್ನಕ್ಕನೂ ಇದ್ದರು, ಚಹಾ ಇಟ್ಟರು. ವಿಮಾನ ನಿಲ್ದಾಣದ ಕಡೆಯ ಜಾಗವಾದ್ದರಿಂದ ವಿಮಾನಗಳು ತಗ್ಗಿನಲ್ಲಿ ಹಾರುತ್ತಿದ್ದವು, ಪ್ರತಿ ಸಲವೂ ಮಾತು ನಿಲ್ಲಿಸಬೇಕಾಗುತ್ತಿತ್ತು. ಇಲ್ಲಿ ಕಾಯಲು ಏನೂ ಇಲ್ಲ, ಇಷ್ಟು ಭಾರದ ಕಲ್ಲನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ ಎಂದು ಶಿವಶರಣಪ್ಪನವರು ನಕ್ಕರು. ಆರ್.ಟಿ. ನಗರದ ಏಜೆನ್ಸಿ ಆಫೀಸಿಗೆ ಕರೆಸಿ ಅವರಿಗೆ ಗ್ರಾಫು ತೋರಿಸಿದ್ದರಂತೆ. ಆ್ಯಪ್ ಇದ್ದ ಫೋನು ಗೇಟಿನಲ್ಲೇ ಇದ್ದದ್ದರಿಂದ, ತಾನು ಹೇಗೆ ಒತ್ತುತ್ತಿದ್ದೆನೆಂದು ತೋರಿಸಲೂ ಆಗಲಿಲ್ಲವಂತೆ. ಆಮೇಲೆ ಅವರೇ ನನ್ನನ್ನು ಕೇಳಿದರು.

"ನಾ ಎಲ್ಲೋ ತಪ್ಪ ಒತ್ತೀನಿ ಕಾಣ್ತದ್ರಿ ತಾಯಿ. ನೀವು ಮೂರು ಅಂದಿದ್ರಿ, ಹೌದಲ್ಲೋ? ನಾಕು ಅಂದಿದ್ರೇನು?"

ಚಹಾದ ಲೋಟ ಕೆಳಗಿಟ್ಟೆ. ಮೂರೇ ಎಂದು ಹೇಳಿದೆ. ಅವರು ಒತ್ತಿದ್ದು ಸರಿ, ನಾನು ಹೇಳಿಕೊಟ್ಟ ಹಾಗೆಯೇ ಒತ್ತಿದ್ದರು. ದಾರಿಯನ್ನು ಬದಲಾಯಿಸಿದವಳು ನಾನು, ಬದಲಾಯಿಸಿದ ಮೇಲೆ ಬಂದು ಹೇಳದವಳೂ ನಾನು. ಅವರ ಕೆಲಸ ಹೋದದ್ದು ತಿಳಿದ ಮೇಲೂ ಐದು ವಾರ ಸುಮ್ಮನಿದ್ದೆ ಎಂಬುದನ್ನೂ ಹೇಳಿದೆ. ಅದನ್ನು ಹೇಳದೆ ಬಿಡಬಹುದಿತ್ತು, ಬಿಡಲು ಮನಸ್ಸೂ ಇತ್ತು. ಒಂದು ವಿಮಾನ ಹೋಯಿತು. ಮೂವರೂ ಅದು ಹೋಗುವವರೆಗೆ ಕಾದೆವು.

ಮೊದಲು ಮಾತಾಡಿದವರು ರತ್ನಕ್ಕ, ನನ್ನನ್ನು ನೋಡದೆ ಗಂಡನನ್ನು ನೋಡುತ್ತಾ.

"ಇವರು ನನ್ನ ಮುಂದ ಆಣಿ ಮಾಡಿದ್ರು, ಗೇಟ್ ಬಿಟ್ಟಿಲ್ಲಂತ. ನಾನೂ ನಂಬಲಿಲ್ಲ ತಂಗಿ. ಮಷಿನ್ ಸುಳ್ಳು ಹೇಳ್ತದೇನು, ಎಲ್ಲಿ ಹೋಗ್ತಿದ್ರಿ ಹೇಳ್ರಿ ಅಂತ ದಿನಾ ಜಗಳಾ ತೆಗದೆ."

ಕೆಲಸ ಹೋದದ್ದು, ಮನೆ ಬದಲಾಯಿಸಿದ್ದು, ಇವುಗಳನ್ನು ನಾನು ನನ್ನ ತಪ್ಪಿನ ಖಾತೆಗೆ ಮೊದಲೇ ಹಾಕಿಕೊಂಡಿದ್ದೆ. ಇದನ್ನು ಹಾಕಿಕೊಂಡಿರಲಿಲ್ಲ. ಮೂವತ್ತು ವರ್ಷ ಜೊತೆಗಿದ್ದ ಹೆಂಡತಿ ಗಂಡನ ಆಣೆಯನ್ನು ಬಿಟ್ಟು ನನ್ನ ಗ್ರಾಫನ್ನು ನಂಬಿದ್ದರು. ಅತ್ತುಬಿಟ್ಟರೆ ಅವರೇ ನನಗೆ ಸಮಾಧಾನ ಹೇಳಬೇಕಾಗುತ್ತದೆಂದು ತಡೆದುಕೊಂಡೆ. ಹಳೆಯ ಕೆಲಸ ಮತ್ತೆ ಕೊಡಿಸಲು ಯಾರ ಕಾಲಾದರೂ ಹಿಡಿಯುತ್ತೇನೆ ಎಂದೆ. ಶಿವಶರಣಪ್ಪನವರು ತಲೆಯಾಡಿಸಿದರು.

"ಕೆಲಸಾ ಬ್ಯಾಡ್ರಿ ನನಗ. ಈಗ ಹೇಳಿದ್ರಲ್ಲ, ಇದನ್ನ ಆ ಗೇಟಿನ್ಯಾಗ ನಿಂತು ಹೇಳ್ರಿ. ಅವರಿಗೆಲ್ಲಾ ಕೇಳೂ ಹಂಗ."

ವಿಜಯ್ ಕುಮಾರ್ ಮುಖ ನನ್ನ ಕಣ್ಣ ಮುಂದೆ ಬಂತು. ಉತ್ತರ ಕೊಡಲು ನಾನು ತಡಮಾಡಿದೆ. ತಡಮಾಡಿದ್ದನ್ನು ಅವರು ನೋಡಿದರು. ಬರುತ್ತೇನೆ ಎಂದೆ.

ಮುಂದಿನ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಹೋದೆವು. ಅಸೋಸಿಯೇಷನ್ನಿನ ಕಾರ್ಯದರ್ಶಿಗೆ ನಾನು ಮೊದಲೇ ಫೋನ್ ಮಾಡಿದ್ದೆ, ವಿಜಯ್ ಕುಮಾರ್ ಅವರಿಗೂ ತಿಳಿಸಿದ್ದೆ. ಅವರು ಒಂದು ವಾರದಿಂದ ನನ್ನ ಜೊತೆ ಮಾತು ಬಿಟ್ಟಿದ್ದರು. ಶಿವಶರಣಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ರತ್ನಕ್ಕನೂ ಬಂದಿದ್ದರು. ಒಳಗೆ ಬನ್ನಿ ಎಂದರೂ ಅವರಿಬ್ಬರೂ ಗೇಟಿನ ಹೊರಗೇ ನಿಂತರು, ಹಾಗಾಗಿ ಕಾರ್ಯದರ್ಶಿಯೇ ವಾಕಿಂಗ್ ಚಡ್ಡಿಯಲ್ಲಿ ಗೇಟಿಗೆ ಬಂದರು. ಹಾಲು, ಪೇಪರು ಹಿಡಿದಿದ್ದ ಹತ್ತು ಹನ್ನೆರಡು ಜನ ನಿಂತು ಕೇಳಿದರು. ನಾನು ಹೇಳಿದೆ. ಇವರು ಒಂದು ದಿನವೂ ಗೇಟು ಬಿಟ್ಟಿಲ್ಲ, ಆ ರಿಪೋರ್ಟ್ ತಪ್ಪು, ತಪ್ಪು ಮಾಡಿದ್ದು ನಾನು. ಎಲ್ಲರಿಗೂ ಕೇಳಿಸಿತು.

ಕಾರ್ಯದರ್ಶಿ ಶಿವಶರಣಪ್ಪನವರ ಕೈ ಕುಲುಕಿ, ಸಿಸ್ಟಮ್ ಹಾಗೆ ತೋರಿಸಿದ್ದರಿಂದ ಹಾಗಾಯಿತು, ಬೇಜಾರು ಮಾಡಿಕೊಳ್ಳಬೇಡಿ ಎಂದರು. ನೆಲಮಹಡಿಯ ಒಬ್ಬ ಅಜ್ಜಿ ತನಗೆ ಮೊದಲೇ ಅನುಮಾನವಿತ್ತು ಎಂದರು. ಅನುಮಾನವಿದ್ದರೆ ಆಗ ಬಾಯಿ ಬಿಡಬಾರದಿತ್ತೇ ಎಂದು ನನ್ನ ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ಆ ಮಾತು ಹೇಳಲು ನನಗೇನು ಮುಖವಿತ್ತು? ಐದು ನಿಮಿಷದಲ್ಲಿ ಜನ ಚದುರಿದರು. ರತ್ನಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನ ಅಂಗಿಯ ಕಾಲರ್ ಸರಿ ಮಾಡಿದರು. ಶಿವಶರಣಪ್ಪನವರ ಮುಖದಲ್ಲಿ ಒಂದು ಬಗೆಯ ನಿರಾಳ ಕಂಡಿತು. ನನಗೂ ಎದೆಯ ಮೇಲಿನ ಕಲ್ಲು ಇಳಿಯಿತು ಎನ್ನಿಸಿತು, ಆ ಹೊತ್ತಿಗೆ.

ಹೊರಡುವಾಗ ಪಾರ್ಸಲ್ ತಂದವರೊಬ್ಬರು ಗೇಟಿಗೆ ಬಂದರು. ಅನ್ವರ್ ಫೋನ್ ತೆಗೆದು ಹಸಿರು ಗುಂಡಿ ಒತ್ತಿದರು, ಫೋಟೊ ಹಿಡಿದರು, ಮನೆ ನಂಬರ್ ಆರಿಸಿದರು. ಶಿವಶರಣಪ್ಪನವರು ಪಕ್ಕಕ್ಕೆ ಹೋಗಿ ಬಗ್ಗಿ ನೋಡತೊಡಗಿದರು. ಮನೆಯವರ ಉತ್ತರ ಬಂತು, ಪಾರ್ಸಲಿನವರು ಒಳಗೆ ಹೋದರು. ಅನ್ವರ್ ಫೋನನ್ನು ಜೇಬಿಗೆ ಹಾಕಲು ಹೋದಾಗ ಶಿವಶರಣಪ್ಪನವರು ತಡೆದು, ಹಿಂದಕ್ಕೆ ಒತ್ತುವುದಿಲ್ಲವೇ ಎಂದು ಕೇಳಿದರು. ಅವರ ಹೆಬ್ಬೆರಳು ಆಗಲೇ ತೋರುಬೆರಳಿನ ಮೇಲೆ ಮೂರು ಸಲ ಬಡಿದಾಗಿತ್ತು.

"ಒಂದ್ಸಲಾನೂ ಬೇಡ ಸಾಬ್. ಅದೇ ವಾಪಸ್ ಬರುತ್ತೆ," ಎಂದು ಅನ್ವರ್ ಮೊದಲ ಪುಟ ತೋರಿಸಿದರು.

ಶಿವಶರಣಪ್ಪನವರು ಆ ಪುಟವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ಇಷ್ಟ ಏನ್ರಿ? ಇಷ್ಟನ್ನ ಆಗ ಒಂದ್ ಸಲ ಬಂದು ಹೇಳಿದ್ರ ಸಾಕಿತ್ತಲ್ರಿ, ತಾಯಿ."

ಹೌದು, ಸಾಕಿತ್ತು. ನಮ್ಮ ಮನೆಯಿಂದ ಆ ಗೇಟಿಗೆ ಸ್ಕೂಟರಿನಲ್ಲಿ ಹದಿನೈದು ನಿಮಿಷ.